ಐದೂವರೆ ತಾಸು ಹಿಂದೆ ಬಿದ್ದ ಗಡಿಯಾರ

“ಡಿಸ್ಕ್ ಸತ್ತಿಲ್ರಿ ಮೇಡಂ. ಸತ್ತಂಗ ಮಲಗ್ಸ್ಯಾರ.”

ಅಫ್ರೋಜ ಕೀಬೋರ್ಡಿನಿಂದ ಕೈ ತೆಗೆದ. ಪರದೆ ಮೂರನೆಯ ಸಲ ನೀಲಿಗಟ್ಟಿತ್ತು. ಅದರ ಮೇಲಿದ್ದ ಬಿಳಿ ಅಕ್ಷರಗಳದ್ದು ಅದೇ ಹಳೆಯ ದೂರು: ವಿಂಡೋಸ್ ಏಳಬೇಕಾದ ಡಿಸ್ಕ್ ತನಗೆ ಸಿಗುತ್ತಿಲ್ಲ.

“ಹೆಂಗ ಹೇಳ್ತಿ?” ಎಂದಳು ಸಬ್ ಇನ್‌ಸ್ಪೆಕ್ಟರ್ ಶಾಂಭವಿ.

“ಅಸಲಿ ಡಿಸ್ಕ್ ನೀವು ಮೊಹರು ಹಾಕಿ ಇಟ್ಟೀರಿ. ಈಗ ಇದರಾಗ ಕುಂತದ್ದು ಅದರ ನಕಲು. ಒಂದು ಅಕ್ಷರ ಬಿಡ್ದಂಗ ನಕಲು ಆಗೇತಿ. ಸುಟ್ಟ ಡಿಸ್ಕನ್ನ ಯಾರಾದ್ರೂ ನಕಲು ಮಾಡಾಕ ಬರ್ತೈತೇನ್ರಿ?”

ಗಿಣಿಗೇರಾದ ಸ್ಪಾಂಜ್ ಐರನ್ ಕಾರ್ಖಾನೆಯ ಆ ಕಂಟ್ರೋಲ್ ರೂಮಿನಲ್ಲಿ ಪಂಚರಿಬ್ಬರು ಗೋಡೆಗೆ ಆತು ನಿಂತಿದ್ದರು. ಕಾನ್‌ಸ್ಟೇಬಲ್ ದೊಡ್ಡಬಸಪ್ಪ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಕೆಳಗೆ ಅದಿರು ಸುಡುವ ಕುಲುಮೆ, ಕಿಲ್ನ್, ತಿರುಗುವ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು.

ಒಂಬತ್ತು ದಿನಗಳ ಹಿಂದೆ ಇದೇ ಕೋಣೆಯ ಕೆಳಗಿನ ಕೊಳವೆಯ ಬಾಯಲ್ಲಿ ಯಮನೂರಪ್ಪ ವಿಷಾನಿಲ ಕುಡಿದು ಬಿದ್ದಿದ್ದ. ಅನಿಲದ ಅಲಾರಂ ಬಂದ್ ಮಾಡಿಟ್ಟ ಆರೋಪ ಹೊತ್ತು ಅವನ ಹೆಂಡತಿ ಅಮರಮ್ಮನ ಸ್ವಂತ ತಮ್ಮ ಕಳಕೇಶ ಕೊಪ್ಪಳದ ಠಾಣೆಯಲ್ಲಿ ಕೂತಿದ್ದ.

ಕಸ್ಟಡಿಯ ಅವಧಿ ಮುಗಿದು ನಾಳೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು. ಇನ್‌ಸ್ಪೆಕ್ಟರ್ ಸಾಹೇಬರ ವರದಿಯ ಕರಡು ಸಿದ್ಧವಾಗಿತ್ತು. ಅದರಲ್ಲಿ ಸಾಕ್ಷ್ಯ ಅಂತ ಇದ್ದದ್ದು ಒಂದೇ ಸಾಲು: ಬೆಳಗಿನ 8.42ಕ್ಕೆ ಅಲಾರಂ ಬಂದ್. ಆ ಹೊತ್ತಿಗೆ ಈ ಕುರ್ಚಿಯಲ್ಲಿದ್ದವನು ಮೊದಲ ಶಿಫ್ಟಿನ ಕಳಕೇಶ. ಮಧ್ಯಾಹ್ನ ಎರಡಕ್ಕೆ ಬಂದ ಯಮನೂರಪ್ಪನಿಗೆ ಅವನು ಅದನ್ನು ಹೇಳದೆ ಹೋದ. ಎರಡೂ ನಲವತ್ತಕ್ಕೆ ಯಮನೂರಪ್ಪ ಸತ್ತ.

ಕಾಗದದ ಮೇಲೆ ಎಲ್ಲವೂ ನೆಟ್ಟಗಿತ್ತು. ಶಾಂಭವಿಗೆ ನೆಟ್ಟಗಿರುವ ಕಾಗದಗಳ ಮೇಲೆ ನಂಬಿಕೆ ಕಡಿಮೆ.

“ಸತ್ತಂಗ ಹೆಂಗ ಮಲಗಿಸ್ತಾರ, ಅದನ್ನ ಹೇಳು.”

ಅಫ್ರೋಜ ಭಾಗ್ಯನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಘಟನೆಯ ದಿನ ಬೆಳಿಗ್ಗೆ ಈ ಯಂತ್ರವನ್ನು ಮುಟ್ಟಿದವನೂ ಅವನೇ. ಮೊದಲ ಹೇಳಿಕೆಯಲ್ಲಿ “ಧೂಳು ಜಾಡಿಸಿದೆ” ಎಂದಷ್ಟೇ ಬರೆಸಿದ್ದ. ಧೂಳು ಜಾಡಿಸಲು ಒಂದು ಮುಕ್ಕಾಲು ತಾಸು ಯಾಕೆ ಬೇಕಾಯಿತು ಎಂದು ನಿನ್ನೆ ಶಾಂಭವಿ ಕೇಳಿದ ಮೇಲೆ ಇಂದು ಇಲ್ಲಿಗೆ ಬಂದು ತೋರಿಸಲು ಒಪ್ಪಿದ್ದ.

“ಡಿಸ್ಕ್ ಒಂದ ರಿ. ಅದಕ್ಕ ಹೋಗೋ ಬಾಗಲಾ ಎರಡು. ಒಂದಕ್ಕ ರೇಡ್ ಅಂತಾರ, ಇನ್ನೊಂದಕ್ಕ ಎಎಚ್‌ಸಿಐ. ಈ ಮಷೀನಿನ ವಿಂಡೋಸ್‌ಗೆ ರೇಡ್ ಬಾಗಲದ ಡ್ರೈವರ್ ಅಷ್ಟ ಗೊತ್ತು. ಲಿನಕ್ಸ್‌ಗೆ ಆ ಬಾಗಲಾ ನಡಿಯೂದಿಲ್ಲ, ಎರಡನೇದು ಬೇಕು.”

“ಲಿನಕ್ಸ್ ಎಲ್ಲಿಂದ ಬಂತು ಇಲ್ಲಿಗೆ?”

“ಹೊಸಾ ಗ್ಯಾಸ್ ಮಾಪನದ ಸಾಫ್ಟ್‌ವೇರ್ ತರ್ಸ್ಯಾರ್ರಿ. ಅದು ಲಿನಕ್ಸ್‌ನ್ಯಾಗ ಅಷ್ಟ ಓಡ್ತೈತಿ. ಬ್ಯಾರೆ ಕಂಪ್ಯೂಟರ್ ಕೊಡ್ರಿ ಅಂದೆ. ಇದರಾಗ ವಿಂಡೋಸ್ ಮಗ್ಗಲಕ್ಕ ಕುಂದ್ರಿಸು ಅಂದ್ರು ಸೇಫ್ಟಿ ಆಫೀಸರ್ ಶರಣಕುಮಾರ ಸಾಹೇಬ್ರು.”

“ಕಿಲ್ನ್ ಓಡಾಕತ್ತಿದಾಗ?”

“ಕಿಲ್ನ್ ಓಡಾಕತ್ತಿದಾಗ ರಿ.” ಅವನು ತಲೆ ತಗ್ಗಿಸಿದ. “ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದೆ. ಡಿಸ್ಕೇ ಇಲ್ಲ ಅಂತು. ಮೊಬೈಲಿಗೆ ವಾಯರ್ ಹಚ್ಚಿ, ಮಷೀನಿಗೆ ನೆಟ್ ಕೊಟ್ಟು, ಆ ಎರರ್ ಹುಡುಕಿದೆ. ಬಾಗಲಾ ಬದಲಿ ಮಾಡ್ರಿ ಅಂತ ಎಲ್ಲಾರೂ ಬರದಿದ್ರು. ಸೆಟಪ್‌ನ್ಯಾಗ ಹೋಗಿ ಬದಲಿ ಮಾಡಿದೆ. ಲಿನಕ್ಸ್‌ಗೆ ಡಿಸ್ಕ್ ಕಾಣಿಸ್ತು. ಹೊಳ್ಳಿ ವಿಂಡೋಸ್ ನೋಡೂಣು ಅಂದ್ರ ಇದಾ ನೀಲಿ ಪರದೆ. ತನ್ನ ಮನಿ ತನಗ ಸಿಗವಲ್ದು ಅಂತ ಅಳಾಕ ಹತ್ತಿಬಿಡ್ತು.”

“ಅದಕ್ಕ ಮದ್ದಿಲ್ಲೇನು?”

“ಐತ್ರಿ. ಬದಲಿ ಮಾಡೂ ಮೊದಲ ವಿಂಡೋಸನ್ನ ಒಂದು ಸಲ ಸೇಫ್ ಮೋಡಿನ್ಯಾಗ ಎಬ್ಬಿಸಬೇಕು. ಅದು ಹೊಸಾ ಬಾಗಲದ ಡ್ರೈವರ್ ತಾನ ಹಚ್ಚಿಕೊಂತೈತಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಸಾಹೇಬ್ರು ಕೊಡ್ಲಿಲ್ಲ. ಇದ್ದಂಗ ಮಾಡಿ ನಡಿ ಅಂದ್ರು. ರೇಡ್‌ಗೆ ಹೊಳ್ಳಿ ಹಾಕಿದೆ, ವಿಂಡೋಸ್ ಎದ್ದು ಕುಂತ್ತು. ಹನ್ನೊಂದೂ ಐದಕ್ಕ ನಾ ಮನಿಗೆ ಹೋದೆ.”

ಶಾಂಭವಿ ಬರೆಯುವುದನ್ನು ನಿಲ್ಲಿಸಿದಳು. ಕಾರ್ಖಾನೆಯ ಲಿಖಿತ ಹೇಳಿಕೆ ಬೇರೆಯೇ ಇತ್ತು: ‘ರಿಪೇರಿಯವನ ತಪ್ಪಿನಿಂದ ಕಂಪ್ಯೂಟರ್ ಬೆಳಿಗ್ಗೆ 9.30ಕ್ಕೇ ಕೆಟ್ಟಿತು, ಮತ್ತೆ ಚಾಲೂ ಆಗಲಿಲ್ಲ.’ ಹನ್ನೊಂದಕ್ಕೆ ಯಂತ್ರ ಎದ್ದಿತ್ತು ಎಂದು ಮೊದಲ ದಿನ ಕಳಕೇಶ ಹೇಳಿದ್ದ. ಆರೋಪಿಯ ಮಾತು ಅಂತ ಅದನ್ನು ಯಾರೂ ಬರೆದುಕೊಂಡಿರಲಿಲ್ಲ.

“ಇದನ್ನೆಲ್ಲಾ ಅವತ್ತ ಯಾಕ ಹೇಳ್ಲಿಲ್ಲ?”

“ಡಿಸ್ಕ್ ನೀನ ಸುಟ್ಟಿ ಅಂತ ಹೆದರ್ಸಿದ್ರು. ಮನ್ಯಾಗ ತಂಗಿ ಲಗ್ನ ಐತ್ರಿ. ಧೂಳ ಅಂತ ಬರಸು, ನಾವು ನೋಡ್ಕೊಂತೀವಿ ಅಂದ್ರು.”

“ಧೂಳು ಚೊಲೋ ಜಾಡಿಸಿದಿ,” ಎಂದ ದೊಡ್ಡಬಸಪ್ಪ. “ಒಬ್ಬಾಂವ ಒಳಗ ಹೋಗಿ ಕುಂತ.”

ಅಫ್ರೋಜ ಯಂತ್ರವನ್ನು ಮತ್ತೆ ಚಾಲೂ ಮಾಡಿ, ವಿಂಡೋಸ್ ಏಳುವ ಮೊದಲೇ ಒಂದು ಕೀ ಒತ್ತಿ ಸೆಟಪ್ ಪುಟ ತೆಗೆದ. ಡಿಸ್ಕಿನ ಸಾಲಿಗೆ ಬೆರಳು ಇಟ್ಟು ತೋರಿಸಿದ.

“ನೋಡ್ರಿ. ಎಎಚ್‌ಸಿಐ. ನಾ ಬಿಟ್ಟು ಹೋಗಿದ್ದು ರೇಡ್. ನಾ ಹೋದ ಮ್ಯಾಲ ಯಾರೋ ಇದನ್ನ ಬೇಕಂತನ ತಿರುವ್ಯಾರ.”

“ಇದು ಗೊತ್ತಿದ್ದವರು ಯಾರು?”

“ನನ್ನ ಹಿಂದ ಇಬ್ರು ನಿಂತಿದ್ರು. ಯಾವ ಸಾಲು ಒತ್ತಿದಿ ತೋರ್ಸು ಅಂತ ಸಾಹೇಬ್ರು ಕೇಳಿದ್ರು, ತೋರ್ಸಿದೆ. ಕಳಕೇಶಣ್ಣನೂ ನೋಡಾಕತ್ತಿದ್ದ.”

ಶಾಂಭವಿ ಡಿಸ್ಕಿನ ಸಾಲನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಪುಟದ ಮೇಲಿನ ಮೂಲೆಗೆ ಹೋಗಿತ್ತು. ಅಲ್ಲೊಂದು ಗಡಿಯಾರ ಇತ್ತು. ದಿನಾಂಕ ಇಂದಿನದೇ. ಸಮಯ 6.18.

ಅವಳು ತನ್ನ ಮೊಬೈಲ್ ನೋಡಿದಳು. 11.48.

“ಇದರ ಸೆಲ್ ಮುಗಿದೈತೇನು?”

“ಮುಗಿದಿದ್ರ ತಾರೀಖೂ ತಪ್ಪತಿತ್ರಿ.” ಅಫ್ರೋಜ ಬಾಗಿ ನೋಡಿದ. ಬೆರಳು ಮಡಿಚಿ ಎಣಿಸಿದ. “ಯಾ ಅಲ್ಲಾ. ಇದನ್ನ ನಾನ ಮಾಡೀನಿ.”

“ಏನು?”

“ಐದೂವರೆ ತಾಸು ರಿ. ವಿಂಡೋಸ್ ಮಷೀನಿನ ಒಳಗಡಿಯಾರದಾಗ ನಮ್ಮ ಟೈಮ್ ಇಡ್ತೈತಿ. ಲಿನಕ್ಸ್ ಹಂಗಲ್ಲ, ಲಂಡನ್ ಕಡೀದ ಟೈಮ್ ಇಡ್ತೈತಿ, ಮ್ಯಾಲ ನಮಗ ಲೆಕ್ಕಾ ಮಾಡಿ ತೋರಿಸ್ತೈತಿ. ನಾ ಮೊಬೈಲಿನಿಂದ ನೆಟ್ ಕೊಟ್ಟೆ ನೋಡ್ರಿ, ಅದು ನೆಟ್‌ನ್ಯಾಗ ಟೈಮ್ ಕೇಳ್ಕೊಂಡು ಗಡಿಯಾರ ತಿದ್ದಿಬಿಟ್ಟೈತಿ. ಆಮ್ಯಾಲ ವಿಂಡೋಸ್ ಎದ್ದು ಅದನ್ನ ನಮ್ಮ ಟೈಮ್ ಅಂತ ತಿಳ್ಕೊಂಡೈತಿ. ಈ ಮಷೀನಿಗೆ ದಿನಾ ನೆಟ್ ಇಲ್ಲ. ತಿದ್ದವ್ರು ಯಾರು?”

ಶಾಂಭವಿ ಡೈರಿಯ ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದಳು. ಎಡಗಡೆ 8.42 ಎಂದು ಬರೆದಳು. ಬಲಗಡೆ ಅದಕ್ಕೆ ಐದೂವರೆ ತಾಸು ಕೂಡಿಸಿ ಬರೆದಳು. 2.12, ಮಧ್ಯಾಹ್ನ.

ಯಮನೂರಪ್ಪನಿಗೂ ಕಳಕೇಶನಿಗೂ ಸೇರಿ ಇದ್ದದ್ದು ಒಂದೇ ಮೋಟಾರ್ ಸೈಕಲ್. ಎರಡನೇ ಶಿಫ್ಟಿಗೆ ಬಂದವನು ಮೊದಲ ಶಿಫ್ಟಿನವನ ಕೈಗೆ ಕೀಲಿ ಕೊಡುವುದು, ಅವನು ಅದೇ ಗಾಡಿಯಲ್ಲಿ ಮನೆಗೆ ಹೋಗುವುದು ಮೂರು ವರ್ಷದ ರೂಢಿ. ಅಂದೂ ಹಾಗೇ ಆಗಿತ್ತು. ಗೇಟಿನ ರಿಜಿಸ್ಟರಿನಲ್ಲಿ ಕಳಕೇಶ ಹೊರಹೋದ ಸಮಯ 2.06.

ಆರು ನಿಮಿಷ. ಅಲಾರಂ ಬಂದ್ ಆಗುವಾಗ ಕಳಕೇಶ ಕಾರ್ಖಾನೆಯ ಹೊರಗಿದ್ದ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಶಾಂಭವಿ ಒಂದು ನಿಯಮ ಇಟ್ಟುಕೊಂಡಿದ್ದಳು: ಎರಡು ಸಲ ತಾಳೆ ನೋಡದೆ ಯಾರಿಗೂ ಸುದ್ದಿ ಕೊಡಬಾರದು. ಆ ಹೊತ್ತು ಅದನ್ನು ಮುರಿದಳು.

“ದೊಡ್ಡಬಸಪ್ಪ, ಅಮರಮ್ಮಗ ಫೋನ್ ಹಚ್ಚು. ನಿನ್ನ ತಮ್ಮಂದು ತಪ್ಪಿಲ್ಲ, ಮಧ್ಯಾಹ್ನ ಠಾಣಾಕ್ಕ ಬಾ ಅಂತ ಹೇಳು.”

ಗಂಡ ಸತ್ತ ದಿನದಿಂದ ಅಮರಮ್ಮ ತಮ್ಮನ ಹೆಸರು ಎತ್ತಿದರೆ ನೆಲಕ್ಕೆ ಉಗುಳುತ್ತಿದ್ದಳು. ಯಲಬುರ್ಗಾದಿಂದ ಬಂದ ತವರಿನವರನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಆಗಲೇ ಬಾಗಿಲು ತೆರೆದು ಸುರಕ್ಷತಾ ಅಧಿಕಾರಿ ಶರಣಕುಮಾರ ಒಳಗೆ ಬಂದ. ಹಿಂದೆ ಚಹಾದ ತಟ್ಟೆ ಹಿಡಿದವನೊಬ್ಬ. ಶರಣಕುಮಾರ ಗಂಗಾವತಿಯ ಅಕ್ಕಿ ವ್ಯಾಪಾರಸ್ಥರ ಮನೆಯವನು. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು.

“ಚಹಾ ತಗೋರಿ ಮೇಡಂ. ಸತ್ತ ಡಿಸ್ಕಿಗೆ ಎಷ್ಟೊತ್ತು ತಿಥಿ ಮಾಡ್ತೀರಿ?”

“ಕುಂದರ್ರಿ ಶರಣಕುಮಾರ್.” ಶಾಂಭವಿ ಚೀಲದಿಂದ ಒಂದು ಕಾಗದ ತೆಗೆದಳು. ಕಂಟ್ರೋಲ್ ರೂಮಿನ ದಾಖಲೆಯ ಸಂಕ್ಷಿಪ್ತ ನಕಲು ತಾಸಿಗೊಮ್ಮೆ ಆಫೀಸಿನ ಕಂಪ್ಯೂಟರಿಗೆ ಹೋಗುತ್ತದೆ. ಪೊಲೀಸರಿಗೆ ಕಾರ್ಖಾನೆ ಕೊಟ್ಟಿದ್ದು ಅದನ್ನೇ, ಸಮಯದ ಪ್ರಕಾರ ಜೋಡಿಸಿ ಮುದ್ರಿಸಿದ ಪಟ್ಟಿ. “ಇದು ನೀವ ಕೊಟ್ಟ ಹಾಳಿ. ಐದು ನಿಮಿಷಕ್ಕೊಮ್ಮೆ ಕಿಲ್ನಿನ ಉಷ್ಣತಾ ಐತಿ. ಒಂದೊಂದು ಹೊತ್ತಿಗೆ ಎರಡೆರಡು ಅದಾವಲ್ಲ, ಯಾಕ?”

“ಅವತ್ತ ಹೇಳಿನಲ್ರಿ. ಥರ್ಮಾಮೀಟರ್ ಎರಡು ಅದಾವ.”

“ಹೌದಾ. ಬೆಳಗಿನ 5.35ರಿಂದ ಎರಡೆರಡು ಅದಾವ. ಅದರ ಮೊದಲ ಯಾಕ ಒಂದೊಂದ ಅದಾವ?”

ಶರಣಕುಮಾರ ಕಾಗದ ನೋಡಿದ.

“ಎರಡನೇ ಥರ್ಮಾಮೀಟರ್ ಡ್ಯೂಟಿಗೆ ಬರೂದು 5.35ಕ್ಕೇನು?”

ದೊಡ್ಡಬಸಪ್ಪನ ಮೊಬೈಲ್ ಹಿಡಿದ ಕೈ ನಗುವಿಗೆ ಅಲುಗಿತು.

“ಅಲ್ಲ ಶರಣಕುಮಾರ್. ಬೆಳಗಿನ ಪಟ್ಟಿ ಮ್ಯಾಲ ಮಧ್ಯಾಹ್ನದ ಪಟ್ಟಿ ಬಿದ್ದೈತಿ. 11.05ಕ್ಕ ಈ ಮಷೀನ್ ಹೊಳ್ಳಿ ಎದ್ದಾಗ ಅದರ ಗಡಿಯಾರದಾಗ 5.35 ಆಗಿತ್ತು. ಅಲ್ಲಿಂದ ಅದು ಬರದಿದ್ದೆಲ್ಲಾ ಐದೂವರೆ ತಾಸು ಹಿಂದ. ಅಫ್ರೋಜ್, ಹಾಕು.”

ಅಫ್ರೋಜ ಡಿಸ್ಕಿನ ಸಾಲನ್ನು ರೇಡ್‌ಗೆ ತಂದು ಉಳಿಸಿದ. ಪರದೆ ಕಪ್ಪಾಯಿತು. ಎಲ್ಲರೂ ಕಾದರು. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಮೂಲೆಯ ಗಡಿಯಾರದಲ್ಲಿ 6.31. ಗೋಡೆಯ ಗಡಿಯಾರದಲ್ಲಿ 12.01.

“ಒಂಬತ್ತು ದಿನದ ಹೆಣ ಎದ್ದು ಕುಂತ್ತಲ್ರಿ ಸಾಹೇಬ್ರ,” ಎಂದ ದೊಡ್ಡಬಸಪ್ಪ. ಶರಣಕುಮಾರ ಅವನ ಕಡೆ ತಿರುಗಲಿಲ್ಲ.

ಅಫ್ರೋಜ ಪೂರ್ತಿ ದಾಖಲೆ ತೆರೆದ. ಆಫೀಸಿನ ಪಟ್ಟಿಯಲ್ಲಿ ಇಲ್ಲದ ಎರಡು ಕಾಲಂ ಇಲ್ಲಿದ್ದವು: ಸಾಲಿನ ಕ್ರಮಸಂಖ್ಯೆ ಮತ್ತು ಆ ಹೊತ್ತಿಗೆ ಪಾಸ್‌ವರ್ಡ್ ಹಾಕಿ ಕೂತವನ ಹೆಸರು. ಸಾಲು 2208ರ ಸಮಯ 9.20. ಅದರ ಕೆಳಗಿನ 2209ರ ಸಮಯ 5.35. ಸಂಖ್ಯೆ ಮುಂದೆ ಹೋಗಿತ್ತು, ಹೊತ್ತು ಹಿಂದೆ ಬಿದ್ದಿತ್ತು.

ಸಾಲು 2249. ಸಮಯ 8.42. ಅನಿಲದ ಅಲಾರಂ ಬಂದ್. ಹೆಸರು: ಯಮನೂರಪ್ಪ.

ಅಫ್ರೋಜ ಪರದೆಯಿಂದ ಹಿಂದೆ ಸರಿದ. ಶಾಂಭವಿ ಆ ಹೆಸರನ್ನು ಎರಡು ಸಲ ಓದಿದಳು. ಕಳಕೇಶನಿಗೆ ತಪ್ಪಿದ ಕುಣಿಕೆ ಸತ್ತವನ ಕೊರಳಿಗೆ ಬಿದ್ದಿತ್ತು.

ಮೊದಲು ಚೇತರಿಸಿಕೊಂಡವನು ಶರಣಕುಮಾರ. ಚಹಾದ ಕಪ್ಪು ಎತ್ತಿಕೊಂಡು ಒಂದು ಗುಟುಕು ಕುಡಿದ.

“ಹಂಗಾರ ಕಳಕೇಶ ಅಲ್ಲ. ನಮ್ಮ ತಿಳುವಳಿಕಿ ತಪ್ಪಿತ್ತು, ಒಪ್ಕೊಂತೀನಿ. ಅಲಾರಂ ಸುಮ್ಮಸುಮ್ಮನ ಬಡ್ಕೊಂತಿತ್ತು, ಯಮನೂರಪ್ಪನ ಬ್ಯಾಸತ್ತು ಬಂದ್ ಮಾಡ್ಯಾನ. ತಾನ ಕೆಳಗ ಹೋಗ್ಯಾನ. ಬರೀರಿ ಮೇಡಂ. ಸತ್ತಾಂವಗ ಜೈಲಿಲ್ಲ, ಬದುಕಿದ್ದಾಂವಗ ಬಿಡುಗಡಿ. ಎಲ್ಲಾರಿಗೂ ಚೊಲೋ.”

“ಅಮರಮ್ಮಗ?”

“ಆಕಿಗೂ ಚೊಲೋ ಅಲ್ರಿ? ತಮ್ಮ ಮನಿಗೆ ಬರ್ತಾನ.”

“ಗಂಡ ತನ್ನ ಸಾವು ತಾನ ತಂದ್ಕೊಂಡ ಅಂತ ಬರಸ್ಕೊಂಡು.”

“ಬರದಿದ್ದು ನಾ ಅಲ್ರಿ. ನಿಮ್ಮ ಮಷೀನ್ ಬರದೈತಿ.” ಅವನು ಕಪ್ಪನ್ನು ತಟ್ಟೆಯಲ್ಲಿ ಮೆಲ್ಲಗೆ ಇಟ್ಟ. “ಒಂಬತ್ತು ದಿನದಿಂದ ನೀವು ಕೇಳಿದ್ದು ಇದನ್ನ ಅಲ್ರಿ? ಖರೇ ಟೈಮ್ ಏನು, ಖರೇ ಹೆಸರು ಏನು. ಸಿಕ್ತಲ್ಲ.”

ಸಿಟ್ಟು ಬಂದಾಗ ಶಾಂಭವಿ ಮಾತಾಡುವುದಿಲ್ಲ, ಓದುತ್ತಾಳೆ. ಅವಳು ಅಫ್ರೋಜನ ಕೈಯಿಂದ ಮೌಸ್ ತೆಗೆದುಕೊಂಡು ಉಳಿದ ಸಾಲುಗಳನ್ನು ಒಂದೊಂದಾಗಿ ಕೆಳಗೆ ತಂದಳು. ಯಂತ್ರದ 9.10 ಅಂದರೆ ಮಧ್ಯಾಹ್ನದ 2.40. ಕಾರ್ಖಾನೆಯ ಹೇಳಿಕೆಯ ಪ್ರಕಾರ ಯಮನೂರಪ್ಪ ಸ್ಥಳದಲ್ಲೇ ಸತ್ತ ಹೊತ್ತು. ಆಮೇಲೂ ಸಾಲುಗಳಿದ್ದವು. ಉಷ್ಣತೆ, ಉಷ್ಣತೆ, ಉಷ್ಣತೆ.

ಸಾಲು 2260. ಅವಳ ಬೆರಳು ನಿಂತಿತು.

ಸಮಯ 9.34. ಪಾಸ್‌ವರ್ಡ್ ಹಾಕಿ ಒಳಬಂದವರು: ಯಮನೂರಪ್ಪ.

ಎರಡು ಸಾಲು ಕೆಳಗೆ, 9.36ಕ್ಕೆ, ಅನಿಲದ ಅಲಾರಂ ಮತ್ತೆ ಚಾಲೂ. 9.41ಕ್ಕೆ ಯಂತ್ರ ಬಂದ್. ಅಲ್ಲಿಗೆ ದಾಖಲೆ ಮುಗಿದಿತ್ತು.

ಅವಳು ಡೈರಿಯ ಬಲಗಡೆ ಬರೆದಳು: 3.04.

“ಶರಣಕುಮಾರ್, ಮೂರು ಗಂಟಿಗೆ ಯಮನೂರಪ್ಪ ಎಲ್ಲಿದ್ದ?”

“ತೂಕದ ಕಾಟಾದ ಮಗ್ಗಲಕ್ಕ ಮಲಗ್ಸಿ ಧೋತ್ರ ಹೊದಿಸಿದ್ವಿ. ಆಂಬುಲೆನ್ಸ್ ದಾರಿ ಕಾಯಾಕತ್ತಿದ್ವಿ. ಹೇಳಿಕ್ಯಾಗ ಬರದೀನಲ್ರಿ.”

“ಮೂರೂ ನಾಕಕ್ಕ ಅಂವ ಇಲ್ಲಿ ಕುಂತು ಪಾಸ್‌ವರ್ಡ್ ಒತ್ಯಾನ.”

ಶರಣಕುಮಾರ ಎದ್ದು ಬಂದು ಪರದೆ ನೋಡಿದ. ಅವನ ದನಿ ಬದಲಾಗಲಿಲ್ಲ.

“ಸತ್ತಾಂವ ಎದ್ದು ಬರೂದಿಲ್ಲ ಮೇಡಂ. ಅಂವನ ಪಾಸ್‌ವರ್ಡ್ ಗೊತ್ತಿದ್ದಾಂವ ಒಬ್ಬನ ಅದಾನ. ಇಡೀ ಕಾರ್ಖಾನಿಗೆ ಗೊತ್ತೈತಿ. ಗಾಡಿ ಒಂದ, ಬುತ್ತಿ ಡಬ್ಬಿ ಒಂದ, ಪಾಸ್‌ವರ್ಡೂ ಒಂದ. ಕಳಕೇಶನ್ನ ಕೇಳ್ರಿ.”

“ಕಳಕೇಶ 2.06ಕ್ಕ ಹೊರಗ ಹೋಗ್ಯಾನ.”

“ಹೋಗಿದ್ದು ನೋಡೀರಿ. ಬಂದಿದ್ದು ನೋಡೀರೇನು?”

ಶಾಂಭವಿ ಮೊಬೈಲಿನಲ್ಲಿದ್ದ ಗೇಟಿನ ರಿಜಿಸ್ಟರಿನ ಚಿತ್ರ ತೆರೆದಳು. ಅವಳೇ ತೆಗೆದ ಚಿತ್ರ. ಅಂದು ಎರಡು ಗಂಟೆಯ ಸುತ್ತಿನ ಸಾಲುಗಳನ್ನಷ್ಟೇ ಓದಿದ್ದಳು; ಕೆಳಗಿನದನ್ನು ಓದುವ ಅಗತ್ಯ ಯಾರಿಗೂ ಕಂಡಿರಲಿಲ್ಲ, ಅವಳಿಗೂ. ಹಾಳೆಯ ತಳದಲ್ಲಿ, ಗೇಟಿನವನ ಓರೆ ಅಕ್ಷರದಲ್ಲಿ ಇತ್ತು: ಕಳಕೇಶ, ಒಳಗೆ, 2.51.

ಅಮರಮ್ಮನಿಗೆ ಫೋನ್ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

*

ಕೊಪ್ಪಳದ ಠಾಣೆಯ ಬೆಂಚಿನ ಮೇಲೆ ಅಮರಮ್ಮ ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಶಾಂಭವಿಯನ್ನು ಕಂಡು ಎದ್ದು ನಿಂತಳು.

“ಒಂಬತ್ತು ದಿನ ತಮ್ಮಗ ಮಣ್ಣು ತೂರೀನ್ರಿ, ಯವ್ವಾ. ಮನ್ಯಾಗಿನ ದೇವರ ಮುಂದ ಅಂವನ ಹೆಸರು ಹೇಳಿ ಶಾಪಾ ಹಾಕೀನಿ. ಎರಡು ರೊಟ್ಟಿ ತಂದೀನಿ. ಕೊಡಬಹುದೇನ್ರಿ?”

“ಸ್ವಲ್ಪ ತಡೀರಿ ಅಮರಮ್ಮ. ಒಂದು ಮಾತು ಕೇಳೂದೈತಿ ಅಂವಗ.”

“ತಪ್ಪಿಲ್ಲ ಅಂದಿರಲ್ರಿ?”

ಶಾಂಭವಿ ಒಳಕೋಣೆಗೆ ನಡೆದಳು.

ಕಳಕೇಶನಿಗೆ ಇಪ್ಪತ್ತಾರು ವರ್ಷ. ಒಂದು ವಾರದ ಗಡ್ಡದಲ್ಲಿ ನಲವತ್ತರವನಂತೆ ಕಾಣುತ್ತಿದ್ದ. ಮೊದಲ ದಿನ “ನಾ ಅಲಾರಂ ಮುಟ್ಟಿಲ್ಲ” ಎಂದಿದ್ದೇ ಕೊನೆ, ಆಮೇಲೆ ಬಾಯಿ ಬಿಟ್ಟವನಲ್ಲ. ಇಂಥ ಮೌನವನ್ನು ಶಾಂಭವಿ ಇಷ್ಟು ದಿನ ದುಃಖವೆಂದು ಓದಿದ್ದಳು.

“ಕಳಕೇಶ, ಅವತ್ತ ಮಧ್ಯಾಹ್ನ ಮೂರಕ್ಕ ಎಲ್ಲಿದ್ದಿ?”

“ಮನ್ಯಾಗ್ರಿ.”

“ಮಾವ ಯಮನೂರಪ್ಪ ಸತ್ತ ಸುದ್ದಿ ಎಲ್ಲಿ ಗೊತ್ತಾತು?”

“ಮನ್ಯಾಗ ರಿ. ಐದು ಗಂಟಿಗೆ.”

ಅವಳು ಮೊಬೈಲನ್ನು ಮೇಜಿನ ಮೇಲೆ ಇಟ್ಟು ಅವನ ಕಡೆ ತಿರುಗಿಸಿದಳು. ಅವನು ‘ಒಳಗೆ, 2.51’ ಎಂಬ ಸಾಲು ಓದಿದ.

“8.42 ಅಂದ್ರ ಮಧ್ಯಾಹ್ನ 2.12 ಅಂತ ಇವತ್ತ ಗೊತ್ತಾತು. ನಿನ್ನ ಮ್ಯಾಲಿನ ಕೇಸು ಅಲ್ಲಿಗೆ ಮುಗೀತಿತ್ತು. ಆದ್ರ 3.04ಕ್ಕ ಯಾರೋ ನಿಮ್ಮ ಮಾವನ ಪಾಸ್‌ವರ್ಡ್ ಹಾಕಿ ಅಲಾರಂ ಚಾಲೂ ಮಾಡ್ಯಾರ. ಆವಾಗ ನೀ ಒಳಗಿದ್ದಿ. ನಾಳೆ ಕೋರ್ಟಿನ್ಯಾಗ ನಾ ಏನು ಹೇಳ್ಲಿ?”

ಕಳಕೇಶನ ಕಣ್ಣು ಅವಳನ್ನು ದಾಟಿ ಬಾಗಿಲಿಗೆ ಹೋಯಿತು. ಶಾಂಭವಿ ತಿರುಗಿ ನೋಡಿದಳು. ಅಮರಮ್ಮ ಬುತ್ತಿ ಹಿಡಿದು ಚೌಕಟ್ಟಿನಲ್ಲಿ ನಿಂತಿದ್ದಳು. ಹಿಂದಿನಿಂದ ಓಡಿ ಬಂದ ದೊಡ್ಡಬಸಪ್ಪ ತಡೆಯಲಾಗದೆ ಕೈಚೆಲ್ಲಿದ್ದ.

“ಪಾಸ್‌ವರ್ಡ್ ನೀ ಒತ್ತಿದಿ?” ಶಾಂಭವಿ ಮತ್ತೆ ಕೇಳಿದಳು.

“ಇಲ್ರಿ.”

“ಮತ್ತ ಯಾರು?”

“ಮಾವ ತಾನ ಒತ್ತಿದ.”

“ಕಳಕೇಶ, ಹುಡುಗಾಟ ಬ್ಯಾಡ.”

“ಖರೇ ರಿ. ಎರಡೂ ಕಡೆ ರಟ್ಟಿ ಹಿಡ್ದು ತಂದು ಕುರ್ಚ್ಯಾಗ ಕುಂದ್ರಿಸಿದ್ರು. ಉಸಿರು ಹತ್ತತಿರ್ಲಿಲ್ಲ. ಬೆರಳು ನಡಗಾಕತ್ತಿದ್ವು, ಎರಡು ಸಲ ತಪ್ಪು ಒತ್ತಿದ. ಮೂರನೇ ಸಲಕ್ಕ ಬರೋಬ್ಬರಿ ಬಂತು. ಅಂವ ಆವಾಗ ಇನ್ನೂ ಸತ್ತಿರ್ಲಿಲ್ರಿ, ಮೇಡಂ.”

ಶವ ಜಿಲ್ಲಾ ಆಸ್ಪತ್ರೆ ಸೇರಿದ್ದು ಸಂಜೆ 4.20ಕ್ಕೆ. ಗಿಣಿಗೇರಾದಿಂದ ಅಲ್ಲಿಗೆ ಅರ್ಧ ತಾಸಿನ ದಾರಿಯೂ ಅಲ್ಲ. ಉಸಿರಿದ್ದವನನ್ನು ಅಲ್ಲಿಗೆ ಒಯ್ಯುವ ಬದಲು, ಅಲಾರಂ ಚಾಲೂ ಇತ್ತೆಂದು ತೋರಿಸಲು ಕಾರ್ಖಾನೆಯವರು ಅವನಿಂದಲೇ ಪಾಸ್‌ವರ್ಡ್ ಒತ್ತಿಸಿದ್ದರು.

ಶಾಂಭವಿ ಮುಂದಿನ ಪ್ರಶ್ನೆ ಕೇಳುವ ಮೊದಲೇ ಅಮರಮ್ಮ ಒಳಗೆ ಬಂದಿದ್ದಳು. ಅವಳು ಅಳಲಿಲ್ಲ, ಕೂಗಲಿಲ್ಲ. ತಮ್ಮನ ಮುಂದೆ ನಿಂತು, ಸಣ್ಣವನಿದ್ದಾಗ ಲೆಕ್ಕ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

“ಮತ್ತ ನೀ ಅಲ್ಲಿ ಏನು ಮಾಡಾಕತ್ತಿದ್ದಿ?”